ಒಂದು ಊರು, ಮೂರು ಸಾಲು

ಅಕ್ಕಂದಿರೇ, ಅಮ್ಮಂದಿರೇ,

ನೀವೆಲ್ಲ ಸಾಲಿನಲ್ಲಿ ನಿಂತಿದ್ದೀರಿ, ಅಲ್ವಾ? ನ್ಯಾಯಬೆಲೆ ಅಂಗಡಿಯ ಮುಂದೆ ನಿಂತಿದ್ದೀರಿ. ಬಿಂದಿಗೆ ಇಟ್ಟುಕೊಂಡು ನಲ್ಲಿಯ ಮುಂದೆ ನಿಂತಿದ್ದೀರಿ. ಮಗುವನ್ನು ಎತ್ತಿಕೊಂಡು ಆಸ್ಪತ್ರೆಯ ಮುಂದೆ ನಿಂತಿದ್ದೀರಿ.

ಸಾಲಿನಲ್ಲಿ ನಿಂತ ಹೆಂಗಸರು ಬಾಯಿ ಮುಚ್ಚಿಕೊಂಡು ನಿಲ್ಲೋದಿಲ್ಲ. ಕಷ್ಟ ಸುಖ ಮಾತಾಡುತ್ತಾರೆ. "ಬೇಳೆ ಬೆಲೆ ಯಾಕೆ ಇಷ್ಟು ಏರಿತು?" ಅಂತ ಕೇಳುತ್ತಾರೆ. "ನಮಗೆ ಬರಬೇಕಾದ ಅಕ್ಕಿ ಎಲ್ಲಿ ಹೋಯ್ತು?" ಅಂತ ಕೇಳುತ್ತಾರೆ.

ನೂರು ವರ್ಷಕ್ಕೂ ಹಿಂದೆ, ಇಂಥದೇ ಒಂದು ಸಾಲಿನಲ್ಲಿ ಇಂಥದೇ ಮಾತು ಎದ್ದಿತು. ಅದರಿಂದ ಒಬ್ಬ ಮಹಾ ದೊರೆಯ ಸಿಂಹಾಸನ ಉರುಳಿತು. ಲೋಕದ ದಾರಿಯೇ ಬದಲಾಯಿತು. ಆ ಕತೆಯನ್ನು ಇಲ್ಲಿ ಓದೋಣ. ಇದು ಕಟ್ಟುಕತೆ ಅಲ್ಲ. ನಡೆದ ಕತೆ.

ಊರು ಯಾವುದು?

ರಷ್ಯಾ ಎಂಬ ದೇಶವಿದೆ. ಅದು ಬಹಳ ದೊಡ್ಡ ದೇಶ. ಬಹಳ ಚಳಿಯ ದೇಶ. ಅದರ ಉತ್ತರಕ್ಕೆ, ಸಮುದ್ರದ ದಡದಲ್ಲಿ ಒಂದು ಪಟ್ಟಣವಿದೆ. ಚಳಿಗಾಲದಲ್ಲಿ ಅಲ್ಲಿ ನದಿಯ ನೀರು ಕೂಡ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ.

ಆ ಊರಿನ ಹಳೆಯ ಹೆಸರು ಸೇಂಟ್ ಪೀಟರ್ಸ್‌ಬರ್ಗ್. 1914ರಲ್ಲಿ ಅದಕ್ಕೆ ಪೆಟ್ರೋಗ್ರಾಡ್ ಎಂದು ಹೆಸರಿಟ್ಟರು. 1924ರಲ್ಲಿ ಲೆನಿನ್‌ಗ್ರಾಡ್ ಎಂದು ಬದಲಾಯಿಸಿದರು. 1991ರಲ್ಲಿ ಮತ್ತೆ ಹಳೆಯ ಹೆಸರೇ ಬಂತು.

ಒಂದೇ ಊರು. ಮೂರು ಹೆಸರು. ಆ ಊರು ಯುದ್ಧ ಕಂಡಿತು, ಕ್ರಾಂತಿ ಕಂಡಿತು, ಸರ್ವಾಧಿಕಾರ ಕಂಡಿತು. ಅಲ್ಲಿಯ ಹೆಂಗಸರು ಮೂರು ಬಗೆಯ ಸಾಲಿನಲ್ಲಿ ನಿಂತರು.

ಮೊದಲನೆಯ ಸಾಲು: ರೊಟ್ಟಿಗಾಗಿ

ಆಗ ರಷ್ಯಾವನ್ನು ಆಳುತ್ತಿದ್ದವನು ಎರಡನೆಯ ನಿಕೋಲಸ್. ಅಲ್ಲಿ ರಾಜನಿಗೆ 'ಝಾರ್' ಎನ್ನುತ್ತಿದ್ದರು. ಅವನ ಮನೆತನ 300 ವರ್ಷದಿಂದ ಆಳುತ್ತಿತ್ತು. ಝಾರ್ ಹೇಳಿದ್ದೇ ಕಾನೂನು.

1914ರಲ್ಲಿ ಒಂದನೇ ಮಹಾಯುದ್ಧ ಶುರುವಾಯಿತು. ಬ್ರಿಟನ್, ಫ್ರಾನ್ಸ್, ರಷ್ಯಾ ಒಂದು ಕಡೆ. ಜರ್ಮನಿ, ಆಸ್ಟ್ರಿಯಾ, ತುರ್ಕಿ ಇನ್ನೊಂದು ಕಡೆ. ಜಗಳ ದೊರೆಗಳದು. ಸತ್ತವರು ಬಡವರ ಮಕ್ಕಳು.

"ಎಲ್ಲೋ ದೂರದ ಜಗಳ, ನಮಗೇನಾಗಬೇಕು?" ಅಂತ ನೀವು ಕೇಳಬಹುದು. ಆಗ ನಮ್ಮ ದೇಶವನ್ನು ಬ್ರಿಟಿಷರು ಆಳುತ್ತಿದ್ದರು. ಅವರು ನಮ್ಮ ದೇಶದ 10 ಲಕ್ಷಕ್ಕೂ ಹೆಚ್ಚು ಜನರನ್ನು ಹಡಗು ಹತ್ತಿಸಿ ಆ ಯುದ್ಧಕ್ಕೆ ಕಳಿಸಿದರು. ನಮ್ಮ ಮೈಸೂರು ಸಂಸ್ಥಾನದ ಕುದುರೆ ಸವಾರರೂ ಹೋದರು. ಈಗಿನ ಇಸ್ರೇಲ್ ದೇಶದಲ್ಲಿರುವ ಹೈಫಾ ಎಂಬ ಊರಿನಲ್ಲಿ ಅವರು 1918ರಲ್ಲಿ ಹೋರಾಡಿದರು. ಹೀಗೆ ಆ ಜಗಳ ಲೋಕವನ್ನೆಲ್ಲ ಸುತ್ತಿಕೊಂಡಿತು. ಅದಕ್ಕೇ ಅದು ಮಹಾಯುದ್ಧ.

ರಷ್ಯಾದ ಹಳ್ಳಿಗಳಿಗೆ ಬರೋಣ. ಅಲ್ಲಿ ಸೈನ್ಯಕ್ಕೆ ಅಂತ ಒಂದೂವರೆ ಕೋಟಿಯಷ್ಟು ಗಂಡಸರನ್ನು ಕರೆದುಕೊಂಡು ಹೋದರು. ಉಳುವ ಕುದುರೆಗಳನ್ನೂ ಹೊಡೆದುಕೊಂಡು ಹೋದರು. ಹೊಲದಲ್ಲಿ ಉಳಿದವರು ಹೆಂಗಸರು, ಮುದುಕರು, ಮಕ್ಕಳು. ರೈಲುಗಳೆಲ್ಲ ಗುಂಡು, ಮದ್ದು ಸಾಗಿಸಿದವು. ಕಾಳು ಸಾಗಿಸೋದಕ್ಕೆ ರೈಲು ಸಾಲದೇ ಹೋಯಿತು. ಹಳ್ಳಿಯಲ್ಲಿ ಇದ್ದ ಕಾಳು ಪಟ್ಟಣಕ್ಕೆ ಬರಲಿಲ್ಲ.

ಅಲ್ಲಿಯ ಜನರ ಮುಖ್ಯ ಊಟ ಕಪ್ಪು ಬ್ರೆಡ್ಡು. ನಮಗೆ ಮುದ್ದೆ, ಜೋಳದ ರೊಟ್ಟಿ ಇದ್ದ ಹಾಗೆ. ನಾವು ಅದನ್ನು ರೊಟ್ಟಿ ಅಂತಲೇ ಕರೆಯೋಣ.

1917ರ ಚಳಿಗಾಲ. ಪೆಟ್ರೋಗ್ರಾಡಿನ ಹೆಂಗಸರು ಬೆಳಕು ಹರಿಯುವ ಮೊದಲೇ ರೊಟ್ಟಿ ಅಂಗಡಿಯ ಮುಂದೆ ನಿಲ್ಲುತ್ತಿದ್ದರು. ಹಿಮ ಬೀಳುತ್ತಿತ್ತು. ಗಂಟೆಗಟ್ಟಲೆ ನಿಂತ ಮೇಲೆ "ರೊಟ್ಟಿ ಮುಗೀತು, ಹೋಗಿ" ಎಂಬ ಮಾತು. ಆಮೇಲೆ ಬಟ್ಟೆ ಗಿರಣಿಗೆ ಹೋಗಿ ದಿನವೆಲ್ಲ ದುಡಿಯಬೇಕು. ಗಂಡ ಯುದ್ಧದಲ್ಲಿ. ಮನೆಯಲ್ಲಿ ಮಕ್ಕಳು ಹಸಿದು ಅಳುತ್ತಿದ್ದಾರೆ. ಎಷ್ಟು ದಿನ ಸಹಿಸೋದು?

1917ರ ಮಾರ್ಚ್ 8 ಬಂತು. ಅಂದು ಮಹಿಳಾ ದಿನ. ಅವರ ಹಳೆಯ ಕ್ಯಾಲೆಂಡರಿನಲ್ಲಿ ಅದು ಫೆಬ್ರವರಿ 23. ಬಟ್ಟೆ ಗಿರಣಿಯ ಹೆಂಗಸರು ಮಗ್ಗ ನಿಲ್ಲಿಸಿ ಬೀದಿಗೆ ಬಂದರು. ಬೇರೆ ಕಾರ್ಖಾನೆಗಳ ಮುಂದೆ ಹೋಗಿ, "ನೀವೂ ಬನ್ನಿ" ಎಂದು ಗಂಡಸರನ್ನು ಕರೆದರು. ಅವರ ಕೂಗು ಒಂದೇ: ರೊಟ್ಟಿ ಕೊಡಿ.

ಮೊದಲ ದಿನವೇ ಹತ್ತಾರು ಸಾವಿರ ಜನ ಸೇರಿದರು. ಮೂರನೆಯ ದಿನಕ್ಕೆ ಅವರು ಎರಡು ಲಕ್ಷ ದಾಟಿದರು. ಗುಂಡು ಹಾರಿಸಿ ಎಂದು ಝಾರನ ಅಪ್ಪಣೆ ಆಯಿತು. ಮಾರ್ಚ್ 11ರಂದು ಗುಂಡು ಹಾರಿತು. ಜನ ಸತ್ತರು. ಆದರೆ ಆ ಸಿಪಾಯಿಗಳು ಯಾರು? ಅವರೂ ರೈತರ ಮಕ್ಕಳೇ. ಮಾರನೆಯ ದಿನ ಅವರು "ಇನ್ನು ಗುಂಡು ಹಾರಿಸೋದಿಲ್ಲ" ಎಂದು ತಿರುಗಿ ನಿಂತರು. ಜನರ ಜೊತೆ ಸೇರಿಕೊಂಡರು.

ಮಾರ್ಚ್ 15ರಂದು ಝಾರ್ ಪಟ್ಟ ಬಿಟ್ಟು ಇಳಿದ. 300 ವರ್ಷದ ಆಳ್ವಿಕೆ ಒಂದೇ ವಾರದಲ್ಲಿ ಮುಗಿಯಿತು.

ಇದಕ್ಕೆ ಕ್ರಾಂತಿ ಎನ್ನುತ್ತಾರೆ. ಕ್ರಾಂತಿ ಅಂದರೆ ಬರೀ ರಾಜ ಬದಲಾಗೋದು ಅಲ್ಲ. ಆಳುವ ರೀತಿಯೇ ಬದಲಾಗೋದು. ನಾವು ಈಗಲೂ ಮಾರ್ಚ್ 8ರಂದು ಮಹಿಳಾ ದಿನ ಮಾಡುತ್ತೇವಲ್ಲ, ಆ ತಾರೀಖು ಗಟ್ಟಿಯಾಗಿ ನಿಂತದ್ದು ಈ ಹೆಂಗಸರಿಂದಲೇ.

ಕ್ರಾಂತಿ ಏನು ಕೊಟ್ಟಿತು?

ಝಾರ್ ಹೋದ ಕೂಡಲೇ ಸುಮಾರು 40 ಸಾವಿರ ಹೆಂಗಸರು ಅದೇ ಊರಿನಲ್ಲಿ ಮೆರವಣಿಗೆ ಹೋದರು. "ನಮಗೂ ಓಟು ಬೇಕು" ಅಂದರು. 1917ರಲ್ಲೇ ಅವರಿಗೆ ಓಟಿನ ಹಕ್ಕು ಸಿಕ್ಕಿತು. ಆಗ ಬ್ರಿಟನ್ನಿನ ಹೆಂಗಸರಿಗೂ ಪಾರ್ಲಿಮೆಂಟಿಗೆ ಓಟು ಹಾಕುವ ಹಕ್ಕು ಇರಲಿಲ್ಲ.

ಅದೇ ವರ್ಷ ನವೆಂಬರಿನಲ್ಲಿ ಇನ್ನೊಂದು ಬದಲಾವಣೆ ಆಯಿತು. ಲೆನಿನ್ ಎಂಬ ನಾಯಕನ ಪಕ್ಷ ಅಧಿಕಾರ ಹಿಡಿಯಿತು. ಅದು ಬೋಲ್ಶೆವಿಕ್ ಪಕ್ಷ. ಯುದ್ಧ ನಿಲ್ಲಿಸುತ್ತೇವೆ, ರೈತನಿಗೆ ಭೂಮಿ ಕೊಡುತ್ತೇವೆ, ಎಲ್ಲರಿಗೂ ರೊಟ್ಟಿ ಕೊಡುತ್ತೇವೆ ಎಂದು ಅದು ಹೇಳಿತು.

ಕೆಲವು ಒಳ್ಳೆಯ ಕೆಲಸ ನಡೆದವು. 1919ರಲ್ಲಿ ಒಂದು ಕಾನೂನು ಬಂತು. 8 ವರ್ಷದಿಂದ 50 ವರ್ಷದ ತನಕ ಎಲ್ಲರೂ ಓದು ಬರಹ ಕಲಿಯಲೇಬೇಕು ಎಂದಿತು. ಮೊದಲು ಅಲ್ಲಿ ಹತ್ತು ಹೆಂಗಸರಲ್ಲಿ ಒಬ್ಬರಿಗೋ ಇಬ್ಬರಿಗೋ ಓದಲು ಬರುತ್ತಿತ್ತು. 1939ರ ಹೊತ್ತಿಗೆ ಹತ್ತರಲ್ಲಿ ಎಂಟು ಹೆಂಗಸರು ಓದುತ್ತಿದ್ದರು. ನಮ್ಮ ನಿಮ್ಮ ಹಾಗೆಯೇ ಅವರೂ ಹಗಲು ದುಡಿದು, ಸಂಜೆ ದೀಪದ ಕೆಳಗೆ ಅಕ್ಷರ ತಿದ್ದಿದರು.

"ಹಾಗಾದ್ರೆ ಎಲ್ಲಾ ಸರಿಹೋಯ್ತಾ?" ಅಂತ ಕೇಳಿದಿರಾ? ಇಲ್ಲ ಅಕ್ಕ. ಸರಿಹೋಗಲಿಲ್ಲ.

ಜನ ಓಟು ಹಾಕಿ ಒಂದು ದೊಡ್ಡ ಸಭೆಯನ್ನು ಆರಿಸಿದ್ದರು. ದೇಶಕ್ಕೆ ಸಂವಿಧಾನ ಬರೆಯುವ ಸಭೆ ಅದು. ಅದರಲ್ಲಿ ಲೆನಿನ್ ಪಕ್ಷಕ್ಕೆ ಬಹುಮತ ಬರಲಿಲ್ಲ. 1918ರ ಜನವರಿಯಲ್ಲಿ ಆ ಸಭೆ ಒಂದೇ ಒಂದು ಸಲ ಸೇರಿತು. ಮಾರನೆಯ ದಿನ ಅದನ್ನು ಮುಚ್ಚಿಬಿಟ್ಟರು. ಎದುರು ಪಕ್ಷಗಳ ಪತ್ರಿಕೆಗಳನ್ನು ನಿಲ್ಲಿಸಿದರು. ಗುಪ್ತ ಪೊಲೀಸರು ಬಂದರು. ಕೊನೆಗೆ ಉಳಿದದ್ದು ಒಂದೇ ಪಕ್ಷ. ಓಟಿನ ಹಕ್ಕು ಇತ್ತು. ಆದರೆ ಆರಿಸಲು ಎರಡನೆಯ ಹೆಸರೇ ಇರಲಿಲ್ಲ.

ಸರ್ವಾಧಿಕಾರ ಅಂದರೇನು?

ನಿಮ್ಮ ಮಹಿಳಾ ಸಂಘವನ್ನೇ ನೆನೆಸಿಕೊಳ್ಳಿ. ಸಂಘದ ಅಧ್ಯಕ್ಷೆ ಲೆಕ್ಕದ ಪುಸ್ತಕವನ್ನು ತಾನೇ ಇಟ್ಟುಕೊಂಡಳು. ಯಾರಿಗೂ ತೋರಿಸಲಿಲ್ಲ. ಲೆಕ್ಕ ಕೇಳಿದವಳನ್ನು ಸಂಘದಿಂದ ಹೊರಗೆ ಹಾಕಿದಳು. "ನಾನಿರುವ ತನಕ ನಾನೇ ಅಧ್ಯಕ್ಷೆ" ಅಂದಳು. ಉಳಿದವರು ಹೆದರಿ ಸುಮ್ಮನಾದರು. ಸಂಘ ಉಳಿಯುತ್ತದಾ?

ಒಂದು ದೇಶ ಹೀಗಾದರೆ ಅದೇ ಸರ್ವಾಧಿಕಾರ. ಎಲ್ಲಾ ಅಧಿಕಾರ ಒಬ್ಬನ ಕೈಯಲ್ಲಿ ಇರುತ್ತದೆ. ಅವನನ್ನು ಯಾರೂ ಪ್ರಶ್ನೆ ಕೇಳುವ ಹಾಗಿಲ್ಲ. ಅವನನ್ನು ಯಾರೂ ಇಳಿಸುವ ಹಾಗಿಲ್ಲ.

1924ರಲ್ಲಿ ಲೆನಿನ್ ತೀರಿಕೊಂಡ. ಆಮೇಲೆ ಸ್ಟಾಲಿನ್ ಎಂಬಾತ ಅಧಿಕಾರವನ್ನೆಲ್ಲ ತನ್ನ ಮುಷ್ಟಿಗೆ ತೆಗೆದುಕೊಂಡ. ಅವನು ಕಾರ್ಖಾನೆಗಳನ್ನು ಬೇಗ ಬೇಗ ಕಟ್ಟಿಸಿದ. ಅದಕ್ಕೆ ಹಣ ಬೇಕು, ಕಾಳು ಬೇಕು. ರೈತರ ಹೊಲ, ದನಗಳನ್ನು ಒಟ್ಟು ಮಾಡಿಸಿ ಸಾಮೂಹಿಕ ಬೇಸಾಯ ಮಾಡಿಸಿದ. ಒಪ್ಪದವರನ್ನು ಹಿಡಿದು ದೂರದ ಚಳಿ ನಾಡಿಗೆ ಅಟ್ಟಿದ. ಕಣದಲ್ಲಿದ್ದ ಕಾಳನ್ನು ಸರಕಾರದವರು ಬಳಿದುಕೊಂಡು ಹೋದರು.

1932ರಲ್ಲಿ ಒಂದು ಕಾನೂನು ಮಾಡಿದರು. ಸಾಮೂಹಿಕ ಹೊಲದಲ್ಲಿ ಕಾಳು ಕದ್ದರೆ ಮರಣದಂಡನೆ, ಇಲ್ಲವೇ ಹತ್ತು ವರ್ಷ ಸೆರೆ. ಹೊಲದಲ್ಲಿ ಬಿದ್ದ ತೆನೆ ಆರಿಸಿಕೊಂಡ ಹೆಂಗಸರೂ ಜೈಲಿಗೆ ಹೋದರು. 1932-33ರಲ್ಲಿ ಉಕ್ರೇನ್, ಕಜಾಕ್‌ಸ್ತಾನ್ ಮತ್ತು ರಷ್ಯಾದ ಹಳ್ಳಿಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಹಸಿವಿನಿಂದ ಸತ್ತರು. ಅನ್ನ ಬೆಳೆದವರೇ ಅನ್ನವಿಲ್ಲದೆ ಸತ್ತರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡೋದು? ಪತ್ರಿಕೆಗಳು ಈ ಸುದ್ದಿ ಬರೆಯುವ ಹಾಗಿರಲಿಲ್ಲ.

ಎರಡನೆಯ ಸಾಲು: ಜೈಲಿನ ಮುಂದೆ

1937, 1938. ಊರಿನ ಹೆಸರು ಆಗ ಲೆನಿನ್‌ಗ್ರಾಡ್. ರಾತ್ರಿ ಹೊತ್ತು ಪೊಲೀಸರು ಬಂದು ಬಾಗಿಲು ತಟ್ಟುತ್ತಿದ್ದರು. ಗಂಡನನ್ನೋ ಮಗನನ್ನೋ ಕರೆದುಕೊಂಡು ಹೋಗುತ್ತಿದ್ದರು. "ದೇಶದ್ರೋಹಿ" ಎನ್ನುತ್ತಿದ್ದರು. ಸಾಕ್ಷಿ ಬೇಕಿರಲಿಲ್ಲ. ಆ ಎರಡು ವರ್ಷದಲ್ಲಿ ದೇಶದಲ್ಲೆಲ್ಲ 6 ಲಕ್ಷ 80 ಸಾವಿರಕ್ಕೂ ಹೆಚ್ಚು ಜನರನ್ನು ಗುಂಡಿಟ್ಟು ಕೊಂದರು. ಇದು ಸರಕಾರದ ಕಡತದಲ್ಲೇ ಇರುವ ಲೆಕ್ಕ.

ಬೆಳಗಾದರೆ ಹೆಂಗಸರು ಜೈಲಿನ ಮುಂದೆ ಸಾಲು ನಿಲ್ಲುತ್ತಿದ್ದರು. ಯಾಕೆ ಗೊತ್ತಾ? ಅಲ್ಲಿ ಒಂದು ಸಣ್ಣ ಕಿಟಕಿ ಇತ್ತು. ಅದರಲ್ಲಿ ಒಳಗಿದ್ದವನಿಗಾಗಿ ಸ್ವಲ್ಪ ದುಡ್ಡು ಕೊಡಬಹುದಿತ್ತು. ದುಡ್ಡು ತೆಗೆದುಕೊಂಡರೆ ಮಗ ಒಳಗೆ ಬದುಕಿದ್ದಾನೆ ಅಂತ ತಾಯಿಗೆ ಸಮಾಧಾನ. ದುಡ್ಡು ಬೇಡ ಅಂದರೆ ಎದೆ ಒಡೆಯುತ್ತಿತ್ತು. ಎಷ್ಟೋ ಜನರನ್ನು ಆಗಲೇ ಕೊಂದಿದ್ದರು. ಆದರೆ ಮನೆಯವರಿಗೆ, "ಹತ್ತು ವರ್ಷ ಸೆರೆ, ಕಾಗದ ಬರೆಯುವ ಹಾಗಿಲ್ಲ" ಎಂದು ಸುಳ್ಳು ಹೇಳುತ್ತಿದ್ದರು.

ಆ ಸಾಲಿನಲ್ಲಿ ಆನ್ನಾ ಅಖ್ಮತೋವಾ ಎಂಬ ಹೆಂಗಸು ನಿಂತಿದ್ದರು. ಅವರು ದೊಡ್ಡ ಕವಿ. ಅವರ ಮಗನನ್ನು ಹಿಡಿದಿದ್ದರು. ಹದಿನೇಳು ತಿಂಗಳು ಅವರು ಇಂಥ ಸಾಲುಗಳಲ್ಲಿ ನಿಂತರು. ಒಂದು ದಿನ ಹಿಂದೆ ನಿಂತಿದ್ದ ಹೆಂಗಸೊಬ್ಬಳು ಅವರ ಕಿವಿಯಲ್ಲಿ ಪಿಸುಗುಟ್ಟಿದಳು. ಇದನ್ನೆಲ್ಲ ನೀವು ಬರೆಯಬಲ್ಲಿರಾ ಎಂದು ಕೇಳಿದಳು. ಬರೆಯಬಲ್ಲೆ ಎಂದರು ಅಖ್ಮತೋವಾ. ಆ ಮಾತು ಕೇಳಿ, ನಗುವುದನ್ನೇ ಮರೆತಿದ್ದ ಆ ಹೆಂಗಸಿನ ಮುಖದಲ್ಲಿ ನಗುವಿನ ನೆರಳು ಸುಳಿಯಿತಂತೆ.

ಆದರೆ ಬರೆದು ಇಟ್ಟುಕೊಂಡರೆ ಜೀವಕ್ಕೇ ಅಪಾಯ. ಅಖ್ಮತೋವಾ ಒಂದು ಉಪಾಯ ಮಾಡಿದರು. ಹಾಡನ್ನು ಚೂರು ಕಾಗದದಲ್ಲಿ ಬರೆದು ಗೆಳತಿಗೆ ತೋರಿಸುತ್ತಿದ್ದರು. ಗೆಳತಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು. ತಕ್ಷಣ ಕಾಗದವನ್ನು ಸುಟ್ಟುಬಿಡುತ್ತಿದ್ದರು. ನಮ್ಮ ಅಜ್ಜಿಯರು ಸೋಬಾನೆ ಪದ, ಬೀಸುವ ಪದವನ್ನು ನೆನಪಿನಲ್ಲೇ ಕಾಪಾಡಿದ ಹಾಗೆ, ಅಲ್ಲಿಯ ಗೆಳತಿಯರು ಆ ಹಾಡುಗಳನ್ನು ಎದೆಯೊಳಗೆ ಕಾಪಾಡಿದರು. ಆ ಪುಸ್ತಕದ ಹೆಸರು 'ರೆಕ್ವಿಯೆಮ್'. ಅದು ಅವರ ಸ್ವಂತ ದೇಶದಲ್ಲಿ ಅಚ್ಚಾಗಲು 1987ರ ತನಕ ಕಾಯಬೇಕಾಯಿತು.

ನೋಡಿ ಅಕ್ಕ, ಸೈನ್ಯ ಇದ್ದ ಸರ್ವಾಧಿಕಾರಿಯೂ ನಾಲ್ಕು ಸಾಲು ಬರಹಕ್ಕೆ ಹೆದರುತ್ತಾನೆ.

ಮೂರನೆಯ ಸಾಲು: 125 ಗ್ರಾಂ ರೊಟ್ಟಿಗಾಗಿ

ಇತ್ತ ಜರ್ಮನಿಯಲ್ಲೂ ಒಬ್ಬ ಸರ್ವಾಧಿಕಾರಿ ಬಂದಿದ್ದ. ಅವನ ಹೆಸರು ಹಿಟ್ಲರ್. ಮೊದಲ ಯುದ್ಧದಲ್ಲಿ ಸೋತ ಜರ್ಮನಿಯಲ್ಲಿ ಲಕ್ಷಾಂತರ ಜನಕ್ಕೆ ಕೆಲಸ ಇರಲಿಲ್ಲ. ಜನ ಸಿಟ್ಟಾಗಿದ್ದರು. "ನಿಮ್ಮ ಕಷ್ಟಕ್ಕೆಲ್ಲ ಯೆಹೂದಿಗಳೇ ಕಾರಣ" ಎಂದು ಹಿಟ್ಲರ್ ಹೇಳಿದ. ಜನ ನಂಬಿದರು. 1933ರಲ್ಲಿ ಅವನು ಅಧಿಕಾರಕ್ಕೆ ಬಂದ. ಕೆಲವೇ ತಿಂಗಳಲ್ಲಿ ಬೇರೆ ಪಕ್ಷಗಳನ್ನೆಲ್ಲ ಮುಚ್ಚಿಸಿದ. ಮುಂದೆ ಅವನ ಆಳ್ವಿಕೆಯಲ್ಲಿ 60 ಲಕ್ಷ ಯೆಹೂದಿಗಳನ್ನು ಕೊಂದರು.

1939ರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. 1941ರ ಜೂನ್ 22ರಂದು ಹಿಟ್ಲರನ ಸೈನ್ಯ ರಷ್ಯಾದ ಮೇಲೆ ನುಗ್ಗಿತು. ಸೆಪ್ಟೆಂಬರ್ 8ಕ್ಕೆ ಲೆನಿನ್‌ಗ್ರಾಡನ್ನು ಸುತ್ತುಗಟ್ಟಿತು. ಒಳಗೆ ಸುಮಾರು 25 ಲಕ್ಷ ಜನ. ಊರನ್ನು ಹಸಿವಿನಿಂದಲೇ ಸಾಯಿಸಬೇಕು ಅಂತ ಹಿಟ್ಲರನ ಎಣಿಕೆ.

ಮತ್ತೆ ಹೆಂಗಸರು ರೊಟ್ಟಿಯ ಸಾಲಿನಲ್ಲಿ ನಿಂತರು. 1941ರ ನವೆಂಬರ್ 20ರಿಂದ ಮಕ್ಕಳಿಗೆ, ಮುದುಕರಿಗೆ, ಮನೆಯಲ್ಲಿರುವ ಹೆಂಗಸರಿಗೆ ದಿನಕ್ಕೆ 125 ಗ್ರಾಂ ರೊಟ್ಟಿ. ಕಾರ್ಖಾನೆಯಲ್ಲಿ ದುಡಿಯುವವರಿಗೆ 250 ಗ್ರಾಂ. 125 ಗ್ರಾಂ ಅಂದರೆ ಕಾಲು ಕಿಲೋದಲ್ಲಿ ಅರ್ಧ. ಅದರಲ್ಲೂ ಪೂರಾ ಹಿಟ್ಟು ಇರಲಿಲ್ಲ. ಮರದಿಂದ ತೆಗೆದ ಪುಡಿ, ಹೊಟ್ಟು ಸೇರಿಸುತ್ತಿದ್ದರು. ಬೇರೆ ಊಟ ಇಲ್ಲ. ಸೌದೆ ಇಲ್ಲ. ನಲ್ಲಿಯಲ್ಲಿ ನೀರಿಲ್ಲ. ಹೆಂಗಸರು ನದಿಯ ಮಂಜುಗಡ್ಡೆ ಒಡೆದು ನೀರು ಹೊತ್ತು ತಂದರು.

ಆ ಊರಿನಲ್ಲಿ ತಾನ್ಯಾ ಸವಿಚೆವಾ ಎಂಬ ಹುಡುಗಿ ಇದ್ದಳು. ವಯಸ್ಸು 11. ಅವಳ ಹತ್ತಿರ ಅಕ್ಕನ ಒಂದು ಸಣ್ಣ ಪುಸ್ತಕ ಇತ್ತು. ಅದರಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಹಾಳೆ. ಮನೆಯಲ್ಲಿ ಯಾರಾದರೂ ಸತ್ತರೆ, ಅವರ ಹೆಸರಿನ ಅಕ್ಷರದ ಹಾಳೆ ತೆಗೆದು ತಾನ್ಯಾ ಬರೆಯುತ್ತಿದ್ದಳು. ಯಾರು ಸತ್ತರು, ಯಾವ ದಿನ, ಎಷ್ಟು ಗಂಟೆಗೆ. ಅಷ್ಟೇ. ಒಬ್ಬ ಅಕ್ಕ, ಅಜ್ಜಿ, ಅಣ್ಣ, ಅಪ್ಪನ ಇಬ್ಬರು ಸೋದರರು, ಕೊನೆಗೆ ಅಮ್ಮ. ಆರು ತಿಂಗಳೊಳಗೆ ಆರು ಸಾವು. ಕೊನೆಗೆ ತಾನು ಒಬ್ಬಳೇ ಉಳಿದೆ ಎಂದು ಬರೆದಳು. ಅವಳ ಇನ್ನೊಬ್ಬ ಅಕ್ಕ, ಇನ್ನೊಬ್ಬ ಅಣ್ಣ ಬೇರೆ ಕಡೆ ಬದುಕಿದ್ದರು. ಅದು ಅವಳಿಗೆ ಗೊತ್ತಿರಲಿಲ್ಲ. ತಾನ್ಯಾಳನ್ನು ಊರಿನಿಂದ ಹೊರಗೆ ಸಾಗಿಸಿದರು. ಆದರೂ ಅವಳು ಕಾಯಿಲೆಯಿಂದ 1944ರಲ್ಲಿ ತೀರಿಕೊಂಡಳು.

ಅವಳು ಬರೆದದ್ದು ಒಂಬತ್ತು ಸಣ್ಣ ಹಾಳೆ. ಆ ಊರು ಪಟ್ಟ ಪಾಡನ್ನು ಲೋಕಕ್ಕೆ ತಿಳಿಸಿದ್ದು ಆ ಒಂಬತ್ತು ಹಾಳೆ. ಅವು ಇವತ್ತಿಗೂ ಅದೇ ಊರಿನ ವಸ್ತುಸಂಗ್ರಹಾಲಯದಲ್ಲಿವೆ.

ಬೀಜ ಕಾದವರ ಕತೆ ಇನ್ನೊಂದು. ನಿಕೊಲಾಯ್ ವವಿಲೋವ್ ಎಂಬ ವಿಜ್ಞಾನಿ ಲೋಕವೆಲ್ಲ ತಿರುಗಿ ಭತ್ತ, ಗೋಧಿ, ಕಡಲೆಕಾಯಿ, ಆಲೂಗಡ್ಡೆ ಹೀಗೆ ನೂರಾರು ಬಗೆಯ ಬೀಜ ಕೂಡಿಸಿ ಈ ಊರಿನಲ್ಲಿ ಇಟ್ಟಿದ್ದರು. ಮುತ್ತಿಗೆಯ ದಿನಗಳಲ್ಲಿ ಅಲ್ಲಿಯ ಕೆಲಸಗಾರರು ಹಸಿವಿನಿಂದ ಸತ್ತರು. ಆದರೆ ಬೀಜದ ಚೀಲಕ್ಕೆ ಕೈ ಹಾಕಲಿಲ್ಲ. ಅಕ್ಕಿ ಕಾಯುತ್ತಿದ್ದವರು ಅಕ್ಕಿ ಚೀಲಗಳ ನಡುವೆಯೇ ಸತ್ತರು. ಮುಂದಿನ ಬಿತ್ತನೆಗೆ ಬೀಜ ಬೇಕಲ್ಲ! ಮನೆಯಲ್ಲಿ ಬೀಜದ ಕಾಳು ಎತ್ತಿಡುವ ನಿಮಗೆ ಇದು ಅರ್ಥವಾಗುತ್ತದೆ. ಆಗ ವವಿಲೋವ್ ಎಲ್ಲಿದ್ದರು? ಸ್ಟಾಲಿನ್ನನ ಜೈಲಿನಲ್ಲಿ. 1943ರಲ್ಲಿ ಆ ಮಹನೀಯರು ಅಲ್ಲೇ ಹೊಟ್ಟೆಗಿಲ್ಲದೆ ಸೊರಗಿ ಸತ್ತರು.

ಮುತ್ತಿಗೆ ಮುಗಿದದ್ದು 1944ರ ಜನವರಿ 27ರಂದು. ಒಟ್ಟು 872 ದಿನ. ಆ ಊರಿನಲ್ಲಿ ಸತ್ತ ಸಾಮಾನ್ಯ ಜನ ಕಡಿಮೆ ಲೆಕ್ಕ ಹಿಡಿದರೂ 6 ಲಕ್ಷಕ್ಕೂ ಹೆಚ್ಚು. ಹಿಟ್ಲರನ ಸೈನ್ಯ ಸೋತಿತು. 1945ರಲ್ಲಿ ಯುದ್ಧ ಮುಗಿಯಿತು.

ಲೋಕ ಹೇಗೆ ಬದಲಾಯಿತು?

ಇಷ್ಟು ಸಾವು ಕಂಡ ಮೇಲೆ ದೇಶಗಳು ಒಟ್ಟಿಗೆ ಕೂತು ಯೋಚಿಸಿದವು. 1945ರಲ್ಲಿ ವಿಶ್ವಸಂಸ್ಥೆ ಹುಟ್ಟಿತು. ಯುದ್ಧದಿಂದ ಬಡವಾದ ಬ್ರಿಟನ್ನಿಗೆ ಬೇರೆ ದೇಶಗಳನ್ನು ಹಿಡಿದಿಡುವ ಶಕ್ತಿ ಉಳಿಯಲಿಲ್ಲ. ನಮ್ಮ ಜನರ ಹೋರಾಟವೂ ಜೋರಾಗಿತ್ತು. 1947ರಲ್ಲಿ ನಮಗೆ ಸ್ವಾತಂತ್ರ್ಯ ಬಂತು.

1948ರಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆ ಮಾಡಿತು. ಅದರ ಕರಡಿನಲ್ಲಿ "ಎಲ್ಲ ಪುರುಷರೂ ಸಮಾನರು" ಎಂಬ ಅರ್ಥದ ಮಾತಿತ್ತು. ನಮ್ಮ ದೇಶದ ಹಂಸಾ ಮೆಹ್ತಾ ಆ ಸಭೆಯಲ್ಲಿದ್ದರು. ಪುರುಷರು ಅನ್ನಬೇಡಿ, ಮನುಷ್ಯರು ಅನ್ನಿ ಎಂದು ಹಟ ಹಿಡಿದರು. ಆ ಮಾತು ಬದಲಾಯಿತು. ಒಂದೇ ಪದ. ಅದರೊಳಗೆ ಲೋಕದ ಹೆಂಗಸರೆಲ್ಲ ಬಂದರು.

ಸ್ಟಾಲಿನ್ 1953ರಲ್ಲಿ ಸತ್ತ. ಒಂದೇ ಪಕ್ಷದ ಆಳ್ವಿಕೆ ಕೊನೆಯಾದದ್ದು 1991ರಲ್ಲಿ. ಆದರೆ ಯುದ್ಧ, ಸರ್ವಾಧಿಕಾರ ಲೋಕದಿಂದ ಹೋಗಿಲ್ಲ. ಇಂದೂ ಎಷ್ಟೋ ಕಡೆ ತಾಯಂದಿರು ಇಂಥ ಸಾಲುಗಳಲ್ಲಿ ನಿಂತಿದ್ದಾರೆ.

ಇನ್ನೊಂದು ಸಾಲು

ಪೆಟ್ರೋಗ್ರಾಡಿನ ಹೆಂಗಸರು ಝಾರನನ್ನು ಇಳಿಸಿದರು. ಅದು ದೊಡ್ಡ ಕೆಲಸ. ಆದರೆ ಆಮೇಲೆ ಬಂದವರನ್ನು ಪ್ರಶ್ನೆ ಕೇಳುವ ಹಕ್ಕು ಅವರ ಕೈ ತಪ್ಪಿತು. ಅದು ತಪ್ಪಿದ್ದರಿಂದಲೇ ರೊಟ್ಟಿಯ ಸಾಲಿನಲ್ಲಿ ನಿಂತ ತಾಯಿ, ಇಪ್ಪತ್ತು ವರ್ಷದ ಮೇಲೆ ಜೈಲಿನ ಸಾಲಿನಲ್ಲಿ ನಿಲ್ಲಬೇಕಾಯಿತು.

ನಮಗೆ ಇನ್ನೊಂದು ಸಾಲು ಇದೆ. ಅದು ಮತಗಟ್ಟೆಯ ಮುಂದಿನ ಸಾಲು. ನಮ್ಮ ಸಂವಿಧಾನ ಗಂಡು ಹೆಣ್ಣು ಎನ್ನದೆ ಎಲ್ಲರಿಗೂ ಒಂದೇ ಸಲ ಓಟು ಕೊಟ್ಟಿತು. ಆದರೆ 1951-52ರ ಮೊದಲ ಚುನಾವಣೆಯಲ್ಲಿ ನಮ್ಮ ದೇಶದ ಸುಮಾರು 28 ಲಕ್ಷ ಹೆಂಗಸರು ಓಟು ಹಾಕಲು ಆಗಲಿಲ್ಲ. ಯಾಕೆ? ಪಟ್ಟಿ ಬರೆಯಲು ಬಂದವರಿಗೆ ಅವರು ತಮ್ಮ ಹೆಸರು ಹೇಳಲಿಲ್ಲ. "ಇಂಥವರ ಹೆಂಡತಿ", "ಇಂಥವರ ತಾಯಿ" ಎಂದಷ್ಟೇ ಬರೆಸಿದ್ದರು. ಹೆಸರಿಲ್ಲದವರನ್ನು ಪಟ್ಟಿಯಿಂದ ತೆಗೆದರು.

ಈಗ ನಿಮಗೆ ನಿಮ್ಮ ಹೆಸರು ಬರೆಯಲು ಬರುತ್ತದೆ. ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೋ ಇಲ್ಲವೋ ನೀವೇ ಓದಿ ನೋಡಬಹುದು. ಇಲ್ಲದಿದ್ದರೆ "ಯಾಕಿಲ್ಲ?" ಎಂದು ಕೇಳಬಹುದು. ಕೇಳಿ.

ಓದಿದಿರಿ. ಈಗ ಮಾತಾಡಿ:

1. ಪೆಟ್ರೋಗ್ರಾಡಿನಲ್ಲಿ ರೊಟ್ಟಿ ಯಾಕೆ ಸಿಗಲಿಲ್ಲ? ಹಳ್ಳಿಯಲ್ಲಿ ಕಾಳು ಇರಲಿಲ್ಲವೇ?

2. ಓಟಿನ ಹಕ್ಕು ಇದ್ದರೂ ರಷ್ಯಾದ ಹೆಂಗಸರಿಗೆ ಅದರಿಂದ ಯಾಕೆ ಉಪಯೋಗ ಆಗಲಿಲ್ಲ?

3. ನಿಮ್ಮ ಸಂಘದ ಲೆಕ್ಕ ಯಾರು ಬರೆಯುತ್ತಾರೆ? ಎಲ್ಲರೂ ನೋಡಿದ್ದೀರಾ?

4. ತಾನ್ಯಾ ಸಣ್ಣ ಪುಸ್ತಕದಲ್ಲಿ ಬರೆದಿಟ್ಟಳು. ನಿಮ್ಮ ಜೀವನದಲ್ಲಿ ಮರೆಯಬಾರದ ಒಂದು ದಿನ ಯಾವುದು? ಅದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಕೆಳಗೆ ನಿಮ್ಮ ಹೆಸರು ಬರೆಯಿರಿ.